ಹೆವಿ ಮೆಟಲ್ ಸಂಗೀತವೂ ರೌದ್ರರಸವೂ

ವಿಶಾಖಪಟ್ಟಣದ ಉಕ್ಕುನಗರದಲ್ಲಿ ವಾಸವಾಗಿರುವ ಕನ್ನಡ ಮಿತ್ರರೊಬ್ಬರು ತಮ್ಮ ಮನೆಯ ಒಂದು ವಿವಾದವನ್ನು ಈಚೆಗೆ ನಮ್ಮ ಮುಂದೆ ತೀರ್ಪಿಗೆಂದು ಇಟ್ಟರು. ಅವರು ವಿಜಯವಾಡದಲ್ಲಿ ಬೆಳೆದವರು. ಅಲ್ಲಿನ ಆಕಾಶವಾಣಿಯ ಭಕ್ತಿರಂಜನಿಯನ್ನೂ ಮಂಗಳಂಪಲ್ಲಿ ಬಾಲಮುರಳೀಕೃಷ್ಣರ ಕಂಠವನ್ನೂ ಕೇಳಿ ಕಿವಿ ಹದಗೊಂಡವರು. ಅವರ ಮಗನು ಕೇಳುವುದು ಹೆವಿ ಮೆಟಲ್. ‘ಇದು ಸಂಗೀತವೇ ಅಲ್ಲ, ಕಾರ್ಖಾನೆಯ ಗದ್ದಲ, ಆ ಗದ್ದಲವನ್ನು ನಾನು ದಿನವೆಲ್ಲ ಕೇಳಿಯೇ ಮನೆಗೆ ಬರುತ್ತೇನೆ’ ಎಂದು ತಂದೆಯ ವಾದ. ‘ಇದನ್ನು ಕೇಳಿದ ಮೇಲೆ ಮನಸ್ಸು ತಿಳಿಯಾಗುತ್ತದೆ’ ಎಂದು ಮಗನ ಉತ್ತರ. ಒಂದೇ ನಾದವು ಒಬ್ಬನಿಗೆ ಉದ್ವೇಗವನ್ನೂ ಇನ್ನೊಬ್ಬನಿಗೆ ಶಾಂತಿಯನ್ನೂ ತರುವುದಾದರೆ, ಅದು ಮನೆಯ ಜಗಳವಾಗಿ ಉಳಿಯದೆ ರಸವಿಚಾರದ ಪ್ರಶ್ನೆಯಾಗುತ್ತದೆ. ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ವಿಚಾರವನ್ನು ಮಾತ್ರ ಮುಂದುವರಿಸಬಹುದು.

ತಂದೆಯ ಆಕ್ಷೇಪಣೆಯಲ್ಲಿ ಅವರಿಗೇ ತಿಳಿಯದಂತೆ ಒಂದು ಐತಿಹಾಸಿಕ ಸತ್ಯವಡಗಿದೆ. ಈ ಸಂಗೀತವು ಹುಟ್ಟಿದುದು ಕಾರ್ಖಾನೆಯ ಊರಿನಲ್ಲಿಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಟೋನಿ ಐಯೋಮಿ ಎಂಬ ಹುಡುಗನು 1965ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಮಾಡುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಯಂತ್ರಕ್ಕೆ ಕಳೆದುಕೊಂಡನು. ಅವನು ಎಡಚ, ತಂತಿಗಳನ್ನು ಒತ್ತಿ ಹಿಡಿಯಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಹೂಡಿ, ಮುಂದೆ ಶ್ರುತಿಯನ್ನೂ ತಗ್ಗಿಸಿ, ಗಿಟಾರನ್ನು ಮತ್ತೆ ನುಡಿಸಿದನು. ಅವನಿದ್ದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಧ್ವನಿಮುದ್ರಿಕೆ ಬಂದುದು 1970ರ ಫೆಬ್ರವರಿ 13ರಂದು. ಹೆವಿ ಮೆಟಲ್ಲಿನ ಆರಂಭವನ್ನು ಬಹುಮಂದಿ ಅಲ್ಲಿಂದಲೇ ಎಣಿಸುತ್ತಾರೆ. ಆ ತಗ್ಗಿದ ಶ್ರುತಿಯ ಭಾರವಾದ ನಾದಕ್ಕೆ ಗಾಯಗೊಂಡ ಕೈಯ ಅನುಕೂಲವೂ ಒಂದು ಕಾರಣವೆಂಬುದನ್ನು ಮರೆಯಬಾರದು.

ವಿಶಾಖಪಟ್ಟಣವೂ ಲೋಹದ ಊರು. 1966ರಲ್ಲಿ ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ಘೋಷಣೆ ಎದ್ದಾಗ ಅದರ ‘ಉಕ್ಕು’, ‘ಹಕ್ಕು’ಗಳನ್ನು ಕನ್ನಡಿಗನಿಗೆ ಯಾರೂ ಭಾಷಾಂತರಿಸಿ ಹೇಳಬೇಕಾಗಿರಲಿಲ್ಲ. ಹಿಂದೆ ಪಾಶ್ಚಾತ್ಯರು ನಮ್ಮ ಕಡೆಯ ಉಕ್ಕನ್ನು ‘ವೂಟ್ಜ್’ ಎಂದು ಕರೆದುದೂ ಇದೇ ಶಬ್ದದ ಅಪಭ್ರಂಶವೆಂದು ವಿದ್ವಾಂಸರ ಮತ. ಆದರೆ ಕಾರ್ಖಾನೆಯಿರುವ ಊರಿನಲ್ಲೆಲ್ಲ ಈ ಸಂಗೀತ ಹುಟ್ಟಿಲ್ಲ. ಇದನ್ನು ಕೇಳುವವರೆಲ್ಲರೂ ಕಾರ್ಮಿಕರ ಮಕ್ಕಳಲ್ಲ. ಉತ್ಪತ್ತಿಯ ಕಥೆಯಿಂದ ಆಸ್ವಾದದ ಕಾರಣವು ದೊರೆಯುವುದಿಲ್ಲ. ಅದಕ್ಕೆ ನಾದವನ್ನೇ ನೋಡಬೇಕು.

ಈ ಸಂಗೀತದ ಗಿಟಾರಿನಿಂದ ಬರುವ ಒರಟಾದ ಗರ್ಜನೆಯು ಅಕಸ್ಮಾತ್ತಾಗಿ ಆದ ದೋಷವಲ್ಲ. ಧ್ವನಿವರ್ಧಕವು ತಾಳಲಾರದಷ್ಟು ಪ್ರಬಲವಾದ ಸಂಕೇತವನ್ನು ಅದಕ್ಕೆ ಉಣಿಸಿದಾಗ ನಾದತರಂಗದ ಶಿಖರಗಳು ಕತ್ತರಿಸಿಹೋಗುತ್ತವೆ. ಮೂಲದಲ್ಲಿಲ್ಲದ ಅನೇಕ ಉಪಸ್ವರಗಳು ಹುಟ್ಟುತ್ತವೆ. ನಾದವು ಬೇಗ ಆರದೆ ನಿಲ್ಲುತ್ತದೆ. ಹೀಗೆ ದಟ್ಟವಾದ ನಾದದಲ್ಲಿ ಷಡ್ಜದೊಡನೆ ಗಾಂಧಾರವನ್ನು ಮಿಡಿದರೆ ಎಲ್ಲವೂ ಕಲಸಿಹೋಗುತ್ತದೆ. ಪಂಚಮವೊಂದು ಮಾತ್ರ ಕೆಡದೆ ನಿಲ್ಲುತ್ತದೆ. ಆದುದರಿಂದ ಈ ವಾದಕರು ಷಡ್ಜ-ಪಂಚಮಗಳ ಜೋಡಿಯನ್ನೇ ಅಡಿಗಲ್ಲಾಗಿ ಹಿಡಿದಿದ್ದಾರೆ. ತಂಬೂರಿಯನ್ನು ಬಲ್ಲ ವಾಚಕರಿಗೆ ಇಲ್ಲಿ ಆಶ್ಚರ್ಯವಾಗಬೇಕು. ತಂಬೂರಿಯದೂ ಷಡ್ಜ-ಪಂಚಮಗಳ ನಾದವೇ. ಅದರ ಕುದುರೆಯ ಮೇಲೆ ತಂತಿಯಡಿಯಲ್ಲಿ ನೂಲಿನೆಳೆಯನ್ನು ಸರಿಸಿ ನಾವು ಜೀವಾಳಿಯನ್ನು ಹುಡುಕುವುದೂ, ಬರಿಯ ತಂತಿಯ ನಾದವು ಸಾಲದು, ಅದು ಝೇಂಕರಿಸಬೇಕು, ಉಪಸ್ವರಗಳಿಂದ ತುಂಬಿಕೊಳ್ಳಬೇಕು ಎಂದೇ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಆ ಝೇಂಕಾರವು ಹಿನ್ನೆಲೆಯಾಗಿ ಕುಳಿತು ಗಾಯಕನಿಗೆ ನೆಲವಾಗುತ್ತದೆ, ಅವರಲ್ಲಿ ಆ ನೆಲವೇ ಎದ್ದು ನಡೆಯುತ್ತದೆ.

ಇನ್ನೊಂದು ಆಕ್ಷೇಪಣೆಯುಂಟು: ಇದು ಸೈತಾನನ ಸಂಗೀತ ಎಂಬುದು. ಬ್ಲ್ಯಾಕ್ ಸಬ್ಬತ್ ತಂಡದ ಹೆಸರನ್ನೇ ಹೊತ್ತಿರುವ ಮೊದಲ ಹಾಡಿನ ಮೂಲಸಂಚಾರವು ಮೂರೇ ಸ್ವರಗಳದು: ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿಮಧ್ಯಮ. ಷಡ್ಜದಿಂದ ಪ್ರತಿಮಧ್ಯಮಕ್ಕಿರುವ ಈ ಅಂತರಕ್ಕೆ ಯುರೋಪಿನ ಹಳೆಯ ಸಂಗೀತಶಾಸ್ತ್ರಜ್ಞರು ಸಂಗೀತದೊಳಗಿನ ಸೈತಾನನೆಂಬ ಬಿರುದನ್ನು ಕೊಟ್ಟಿದ್ದರು. ನಮ್ಮಲ್ಲಿಯಾದರೋ 72 ಮೇಳಗಳಲ್ಲಿ 36 ಮೇಳಗಳು ಪ್ರತಿಮಧ್ಯಮದವೇ. ಮದುವೆಯ ಚಪ್ಪರದಲ್ಲಿ ನುಡಿಸುವ ಕಲ್ಯಾಣಿಯೂ ಅವುಗಳಲ್ಲೊಂದು. ಸ್ವರಾಂತರದಲ್ಲಿ ಸೈತಾನನೂ ಇಲ್ಲ, ಲಕ್ಷ್ಮಿಯೂ ಇಲ್ಲ. ಕಲ್ಯಾಣಿಯಲ್ಲಿ ಗಾಂಧಾರ ಪಂಚಮಗಳು ಮಧ್ಯಮದ ಕೈಹಿಡಿದು ನಡೆಸುತ್ತವೆ. ಈ ಹಾಡಿನಲ್ಲಿ ಅದನ್ನು ಒಂಟಿಯಾಗಿ ಕತ್ತಲೆಯಲ್ಲಿ ನಿಲ್ಲಿಸಿ ಹೋಗಿದ್ದಾರೆ. ಭಯವು ಹುಟ್ಟುವುದು ಆ ಒಂಟಿತನದಿಂದ.

ಭಯವೂ ಕ್ರೋಧವೂ ಲೋಕದಲ್ಲಿ ದುಃಖಕರವಾದುವು. ಅವುಗಳನ್ನು ಮನುಷ್ಯನು ಬೇಕೆಂದು, ಹಣ ಕೊಟ್ಟು, ಏಕೆ ಅನುಭವಿಸುತ್ತಾನೆ? ಈ ಪ್ರಶ್ನೆ ನಮ್ಮ ಆಲಂಕಾರಿಕರಿಗೆ ಹೊಸತಲ್ಲ. ರಸಾನುಭವವೆಲ್ಲವೂ ಆನಂದವೇ, ಲೌಕಿಕವಾದ ಕ್ರೋಧಶೋಕಗಳು ಕಾವ್ಯದಲ್ಲಿ ಸಾಧಾರಣೀಕರಣವನ್ನು ಹೊಂದಿ ನನ್ನದು, ಪರರದು ಎಂಬ ಕಟ್ಟನ್ನು ಕಳಚಿಕೊಳ್ಳುತ್ತವೆ ಎಂದು ಅಭಿನವಗುಪ್ತನ ಪಕ್ಷ. ಹನ್ನೆರಡನೆಯ ಶತಮಾನದ ನಾಟ್ಯದರ್ಪಣಕಾರರಾದ ರಾಮಚಂದ್ರ-ಗುಣಚಂದ್ರರು ಇದನ್ನು ಒಪ್ಪಲಿಲ್ಲ. ಕರುಣ, ರೌದ್ರ, ಬೀಭತ್ಸ, ಭಯಾನಕಗಳು ದುಃಖಾತ್ಮಕಗಳೇ. ಆದರೂ ಜನರು ನಾಟಕಕ್ಕೆ ಹೋಗುವುದು ಕವಿಯ ಮತ್ತು ನಟನ ಕೌಶಲವು ಹುಟ್ಟಿಸುವ ಚಮತ್ಕಾರಕ್ಕಾಗಿ ಎಂದರು. ಹೆವಿ ಮೆಟಲ್ಲಿನ ರಸಿಕರನ್ನು ಮಾತನಾಡಿಸಿದರೆ ಮೊದಲು ದೊರೆಯುವುದು ನಾಟ್ಯದರ್ಪಣದ ಉತ್ತರವೇ: ಎರಡು ಕಾಲುಗಳಿಂದಲೂ ಡ್ರಮ್ಮನ್ನು ನುಡಿಸುವವನ ವೇಗ, ತಂತಿಯ ಮೇಲಿನ ಬೆರಳುಗಳ ನಿಖರತೆ, ಲಯವು ಮುರಿದು ಮತ್ತೆ ಕೂಡುವ ಲೆಕ್ಕ. ತನಿ ಆವರ್ತನಕ್ಕಾಗಿಯೇ ಕಛೇರಿಯಲ್ಲಿ ಕಾದು ಕುಳಿತಿರುವವರು ಈ ಮಾತಿಗೆ ನಗಲಾರರು.

ಆದರೆ ‘ಮನಸ್ಸು ತಿಳಿಯಾಗುತ್ತದೆ’ ಎಂಬ ಆ ಹುಡುಗನ ಮಾತಿಗೆ ಕೌಶಲದ ಚಮತ್ಕಾರವು ಉತ್ತರವಾಗದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಲಿಯಾ ಶರ್ಮನ್ ಮತ್ತು ಜೆನೆವೀವ್ ಡಿಂಗಲ್ ಎಂಬ ಇಬ್ಬರು ವಿದುಷಿಯರು ಇಂಥ ಸಂಗೀತದ 39 ಮಂದಿ ರಸಿಕರನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೊದಲು ಅವರಿಗೆ ಸಿಟ್ಟು ಬರುವ ಸಂಗತಿಗಳನ್ನು ನೆನೆಯುವಂತೆ ಮಾಡಿ, ಅನಂತರ ಕೆಲವರನ್ನು ಮೌನದಲ್ಲಿ ಕೂರಿಸಿ, ಕೆಲವರಿಗೆ ಅವರಿಷ್ಟದ ಸಂಗೀತವನ್ನು ಕೇಳಿಸಿದರು. ಸಂಗೀತವನ್ನು ಕೇಳಿದವರ ಎದೆಬಡಿತವು ಇಳಿಯದೆ ಹಾಗೆಯೇ ಇದ್ದಿತು, ಆದರೆ ದ್ವೇಷ, ಕಿರಿಕಿರಿಗಳು ತಗ್ಗಿದುವು, ಉತ್ಸಾಹವು ಹೆಚ್ಚಿತು. ದೇಹವು ಕ್ರೋಧದ ಎತ್ತರದಲ್ಲಿಯೇ ಇದ್ದು ಮನಸ್ಸು ಮಾತ್ರ ಅದರ ಕಹಿಯನ್ನು ಕಳೆದುಕೊಂಡಿತೆಂಬುದು ಇಲ್ಲಿ ಗಮನಾರ್ಹ. ಆನಂದವರ್ಧನನು ರೌದ್ರದ ಲಕ್ಷಣವನ್ನು ದೀಪ್ತಿಯೆಂದೂ ಅದರ ಗುಣವನ್ನು ಓಜಸ್ಸೆಂದೂ ಕರೆದನು. ಶೃಂಗಾರ ಕರುಣಗಳಲ್ಲಿ ಚಿತ್ತವು ಕರಗುವಂತೆ ರೌದ್ರದಲ್ಲಿ ಅದು ಉರಿದು ಹಿಗ್ಗುತ್ತದೆ. ಹಿಗ್ಗಿದ ಚಿತ್ತದಲ್ಲಿ ನೆರೆಯವನ ಮೇಲಿನ ಸಿಟ್ಟಿಗೆ ಜಾಗವಿಲ್ಲ. 39 ಮಂದಿಯ ಪರೀಕ್ಷೆಯಿಂದ ಅಭಿನವಗುಪ್ತನು ಗೆದ್ದನೆಂದು ಹೇಳುವುದು ಬಾಲಿಶ. ಆದರೂ ತೂಕವು ಅವನ ಕಡೆಗೆ ವಾಲಿದೆ. ಇದಲ್ಲದೆ ವಿಲಿಯಂ ಫೋರ್ಡ್ ಥಾಂಪ್ಸನ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತ್ಯುಗ್ರವಾದ ಡೆತ್ ಮೆಟಲ್ಲನ್ನು ಕೇಳಿ ರಸಿಕರು ಬಲವನ್ನೂ ಸಂತೋಷವನ್ನೂ, ಅರಸಿಕರು ಭಯವನ್ನೂ ಸಿಟ್ಟನ್ನೂ ಅನುಭವಿಸಿದರು. ಉಕ್ಕುನಗರದ ಆ ಮನೆಯಲ್ಲಿ ತಂದೆಮಕ್ಕಳಿಬ್ಬರೂ ಸತ್ಯವನ್ನೇ ನುಡಿಯುತ್ತಿದ್ದಾರೆ. ಸಹೃದಯತ್ವವೆಂಬುದು ಅಭ್ಯಾಸದಿಂದ ಬರತಕ್ಕದ್ದು ಎಂಬ ಹಳೆಯ ಮಾತು ಇಲ್ಲಿಯೂ ನಿಲ್ಲುತ್ತದೆ.

ಅಭ್ಯಾಸವು ನಮಗೆ ಇಲ್ಲವೆ? ರನ್ನನ ಗದಾಯುದ್ಧದಲ್ಲಿ ಭೀಮನ ಗರ್ಜನೆಯನ್ನು ಕೇಳಿ ದುರ್ಯೋಧನನು ಕೊಳದ ನೀರಿನೊಳಗಿದ್ದೂ ಬೆವರಿದನೆಂಬ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡದ ಕನ್ನಡಿಗನುಂಟೆ? ಆ ಪದ್ಯದಲ್ಲಿ ಅರ್ಥಕ್ಕಿಂತ ಮುಂಚೆ ನಮ್ಮನ್ನು ತಟ್ಟುವುದು ಒತ್ತಕ್ಷರಗಳ ಆರ್ಭಟ. ವೀರಗಾಸೆಯವರು ಕರಡೆ ಚಮ್ಮಾಳಗಳ ನಡುವೆ ಒಡಪು ಹೇಳುವಾಗ ಮೈ ಜುಮ್ಮೆನ್ನುವುದೂ, ಗೋದಾವರಿ ಜಿಲ್ಲೆಗಳಲ್ಲಿ ವೀರನಾಟ್ಯದವರು ವೀರಭದ್ರನ ಹೆಸರೆತ್ತಿ ಕುಣಿಯುವುದೂ ಇದೇ ದೀಪ್ತಿಯಿಂದ. ವಿಶಾಖಪಟ್ಟಣದ ಸುತ್ತಲಿನ ಗೊಲ್ಲರು ತಗಡಿನ ವಾದ್ಯವನ್ನು ಎದೆಗೆ ಕಟ್ಟಿಕೊಂಡು ಎರಡು ಕೈಗಳಿಂದಲೂ ಬಡಿಯುತ್ತ ಕುಣಿಯುವ ತಪ್ಪೆಟಗುಳ್ಳನ್ನು ನೋಡಿದವರು, ಲೋಹದ ನಾದವೆಂಬ ಮಾತಿಗೆ ಬರ್ಮಿಂಗ್‌ಹ್ಯಾಮಿನವರೆಗೆ ಹೋಗಬೇಕಾಗಿಲ್ಲವೆಂಬುದನ್ನು ಬಲ್ಲರು. ಕಾಸರಗೋಡಿನ ಕಡೆಯಿಂದ ಬಂದವರಿಗಂತೂ ಹೇಳಬೇಕಾದುದೇ ಇಲ್ಲ. ತೆಂಕುತಿಟ್ಟಿನ ಆಟದಲ್ಲಿ ನಡುರಾತ್ರಿಯ ಮೇಲೆ ಬಣ್ಣದ ವೇಷವು ತೆರೆಯ ಹಿಂದೆ ನಿಂತು ಅಟ್ಟಹಾಸ ಮಾಡಿ, ಚೆಂಡೆಯು ಒಮ್ಮೆಗೇ ಸಿಡಿದಾಗ, ಚಾಪೆಯ ಮೇಲೆ ನಿದ್ದೆಹೋಗಿದ್ದ ಮಕ್ಕಳು ಎದ್ದು ತಾಯಿಯ ಸೆರಗಿನೊಳಕ್ಕೆ ನುಗ್ಗುತ್ತಿದ್ದರು. ಮುಂದಿನ ಆಟಕ್ಕೂ ಅದೇ ವೇಷವನ್ನು ನೋಡಲು ಹಟ ಹಿಡಿಯುತ್ತಿದ್ದರು. ಡೆತ್ ಮೆಟಲ್ಲಿನ ಗಾಯಕನ ಗಂಟಲಿನ ಗುರುಗುಟ್ಟುವಿಕೆಗೆ ಇದಕ್ಕಿಂತ ಸಮೀಪವಾದ ಸಾಮ್ಯವು ನಮಗೆ ತೋಚಿಲ್ಲ. ಭರತನು ಆರಭಟೀ ವೃತ್ತಿಯನ್ನು ಅಥರ್ವವೇದದಿಂದ ಬಂದುದೆಂದು ಹೇಳಿ ನಾಟ್ಯದಲ್ಲಿ ಅದಕ್ಕೊಂದು ಪೀಠವನ್ನು ಕೊಟ್ಟನು. ಊರು ಬಿಟ್ಟು ಬಂದ ನಾವು ಭಾವಗೀತೆಯನ್ನೂ ದೇವರನಾಮವನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದೆವು. ಚೆಂಡೆಯನ್ನು ಊರಿನಲ್ಲಿಯೇ ಬಿಟ್ಟೆವು. ಮಕ್ಕಳು ಅದರ ಜಾಗದಲ್ಲಿ ಬೇರೊಂದನ್ನು ತಂದಿಟ್ಟರೆ ಅವರನ್ನು ಮಾತ್ರ ದೂರುವುದು ನ್ಯಾಯವೆ?

2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡವೂ 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಛೇರಿ ನಡೆಸಿದುವು. ವಿಶಾಖಪಟ್ಟಣ, ವಿಜಯವಾಡಗಳಿಂದ ಬೆಂಗಳೂರಿಗೆ ಹೋಗುವ ಒಂದು ರೈಲಿನ ಹೆಸರು ಪ್ರಶಾಂತಿ ಎಕ್ಸ್‌ಪ್ರೆಸ್! ನಮ್ಮ ಮಿತ್ರರ ಮಗನು ಎರಡನೆಯ ಕಛೇರಿಗೆ ಅದರಲ್ಲಿಯೇ ಹೋಗಿ ಬಂದನಂತೆ. ತಾತನ ಊರಿನ ರಾಜಧಾನಿಯನ್ನು ಅವನು ಮೊದಲು ಕಂಡುದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡಲಾಗದು. ಈ ಹಾಡುಗಳ ಸಾಹಿತ್ಯವು ಬಹುಪಾಲು ಬಾಲಿಶ. ಹೆಣ, ನರಕ, ಯುದ್ಧಗಳ ಪಟ್ಟಿಯಿಂದ ಬೀಭತ್ಸವು ಹುಟ್ಟದು, ಬೇಸರವು ಹುಟ್ಟೀತು. 85 ಡೆಸಿಬೆಲ್ಲನ್ನು ಮೀರಿದ ಶಬ್ದವನ್ನು ದಿನವೂ ತಾಸುಗಟ್ಟಲೆ ಕೇಳಿದರೆ ಕಿವಿ ಕೆಡುತ್ತದೆಂಬುದೂ ಸಿದ್ಧವಾದ ಸಂಗತಿ. ಕಾರ್ಖಾನೆಯಲ್ಲಿ ಕಿವಿಗೆ ಮುಚ್ಚಿಗೆ ಹಾಕಿಕೊಳ್ಳುವ ತಂದೆಯು ಈ ವಿಷಯದಲ್ಲಿ ಮಗನಿಗೆ ಬುದ್ಧಿ ಹೇಳುವ ಹಕ್ಕುಳ್ಳವರು. ಆದರೆ ವಿಮರ್ಶಕನನ್ನು ಹೆಚ್ಚಾಗಿ ಕಾಡುವುದು ಬೇರೆ ದೋಷ. ಪರಿಪೋಷವನ್ನು ಹೊಂದಿದ ರಸವನ್ನೇ ಮತ್ತೆ ಮತ್ತೆ ಉದ್ದೀಪಿಸುವುದು ರಸಭಂಗಕ್ಕೆ ಕಾರಣವೆಂದು ಆನಂದವರ್ಧನನು ಎಚ್ಚರಿಸಿದ್ದಾನೆ. ಬಣ್ಣದ ವೇಷವು ಅಟ್ಟಹಾಸ ಮಾಡಿದ ಮೇಲೆ ಕುಳಿತು ಅರ್ಥ ಹೇಳುತ್ತದೆ. ಆ ಮಾತಿನ ತಗ್ಗಿನಿಂದಲೇ ಮುಂದಿನ ಆರ್ಭಟಕ್ಕೆ ಎತ್ತರ. ಈಚಿನ ಅನೇಕ ತಂಡಗಳು ಮೊದಲ ಕ್ಷಣದಲ್ಲಿ ಏರಿದ ಅಟ್ಟದಿಂದ ಕೊನೆಯವರೆಗೂ ಇಳಿಯುವುದೇ ಇಲ್ಲ. ಅರ್ಧ ಗಂಟೆಯ ತರುವಾಯ ಕೇಳುಗನಿಗೆ ಕ್ರೋಧವೂ ಇಲ್ಲ, ದೀಪ್ತಿಯೂ ಇಲ್ಲ. 1970ರ ಆ ಮೊದಲ ಹಾಡಿನಲ್ಲಿ ಹಾಗಿಲ್ಲ. ಅದು ಮಳೆಯ ಸದ್ದಿನಿಂದ ಆರಂಭವಾಗುತ್ತದೆ, ದೂರದಲ್ಲೊಂದು ಗಂಟೆ ಬಾರಿಸುತ್ತದೆ, ಮೂರು ಸ್ವರಗಳು ವಿಳಂಬದಲ್ಲಿ ಬಂದು ನಿಲ್ಲುತ್ತವೆ. ಗಾಯಕನು ಹಾಡುವಾಗ ಗಿಟಾರು ತಗ್ಗಿ ದಾರಿ ಬಿಡುತ್ತದೆ. ಲಯವು ಧಾವಿಸುವುದು ಕೊನೆಯ ಭಾಗದಲ್ಲಿ ಮಾತ್ರ. ಮಿತ್ರರಿಗೆ ನಾವು ಕೇಳಿಸಿದುದು ಅದನ್ನೇ. ಮೂರನೆಯ ಸ್ವರ ಬಂದಾಗ ಅವರು ‘ಪ್ರತಿಮಧ್ಯಮ’ ಎಂದು ಮೆಲ್ಲಗೆ ಹೇಳಿಕೊಂಡರು. ಧ್ವನಿಯನ್ನು ಸ್ವಲ್ಪ ತಗ್ಗಿಸಬೇಕೆಂದೂ ಹೇಳಿದರು.