ಆಲ್ಗಾಲ್ ೬೦ರ 'ಫಾರ್' ವಾಕ್ಯ: ಒಂದು ವಿಮರ್ಶೆ

೧೯೬೦ರಲ್ಲಿ ಪೀಟರ್ ನೌರ್ ಅವರ ಸಂಪಾದಕತ್ವದಲ್ಲಿ ಹೊರಬಂದ ಆಲ್ಗಾಲ್ ವರದಿಗೆ ಗಣಕಭಾಷೆಗಳ ಇತಿಹಾಸದಲ್ಲಿ ಲಕ್ಷಣಗ್ರಂಥದ ಸ್ಥಾನ ದೊರೆತಿದೆ. ಅದರ ವ್ಯಾಕರಣಶುದ್ಧಿಯನ್ನೂ ಮಿತವಾದ ಮಾತನ್ನೂ ಮೆಚ್ಚದವರು ವಿರಳ. ಆ ಮೆಚ್ಚುಗೆ ಉಚಿತವೇ ಸರಿ. ಆದರೆ ಒಂದು ಕೆಲಸವನ್ನು ಎಣಿಕೆಯಿಟ್ಟು ಮತ್ತೆ ಮತ್ತೆ ಮಾಡಿಸುವ 'ಫಾರ್' ವಾಕ್ಯದ ವಿಷಯದಲ್ಲಿ ಆ ಮೆಚ್ಚುಗೆಯನ್ನು ನಾವು ಹಾಗೆಯೇ ಅನುಮೋದಿಸಲಾರೆವು.

ಮೊದಲು ಅದರ ಗುಣವನ್ನು ಹೇಳಬೇಕು. ಐಬಿಎಂ ೭೦೪ ಯಂತ್ರಕ್ಕಾಗಿ ೧೯೫೭ರಲ್ಲಿ ಬಂದ ಫೋರ್ಟ್ರಾನಿನ 'ಡೂ' ವಾಕ್ಯವು ಎಣಿಕೆ ಮುಗಿಯಿತೇ ಎಂಬುದನ್ನು ಲೂಪಿನ ಕೊನೆಯಲ್ಲಿ ಪರೀಕ್ಷಿಸುತ್ತಿತ್ತು. ಪರೀಕ್ಷೆಗೆ ಕುಳಿತವರ ಅಂಕಗಳನ್ನು ಕೂಡಿಸಬೇಕೆಂದುಕೊಳ್ಳೋಣ. ನೂರು ಮಂದಿ ಇದ್ದರೆ ತೊಡಕಿಲ್ಲ. ಒಬ್ಬರೂ ಇಲ್ಲದಿದ್ದರೂ ಲೂಪು ಒಂದು ಸುತ್ತು ನಡೆದು, ಇಲ್ಲದ ವಿದ್ಯಾರ್ಥಿಯ ಅಂಕವನ್ನು ಮೊತ್ತಕ್ಕೆ ಸೇರಿಸಿಬಿಡುವುದು! ೧೯೬೬ರ ಫೋರ್ಟ್ರಾನ್ ಪ್ರಮಾಣವು ಆರಂಭದ ಬೆಲೆ ಮಿತಿಯನ್ನು ಮೀರಕೂಡದೆಂದು ವಿಧಿಸಿ, ಹೊಣೆಯನ್ನು ಪ್ರೋಗ್ರಾಂ ಬರೆಯುವವನ ಮೇಲೆ ಹೊರಿಸಿತು. ಸುತ್ತುಗಳ ಸಂಖ್ಯೆಯನ್ನು ಮೊದಲೇ ಲೆಕ್ಕಹಾಕಿ ಸೊನ್ನೆಗೂ ಸ್ಥಾನ ಕೊಟ್ಟದ್ದು ಫೋರ್ಟ್ರಾನ್ ೭೭. ಆಲ್ಗಾಲ್ ಇದನ್ನು ಮೊದಲಿನಿಂದಲೇ ಸರಿಯಾಗಿ ಕಂಡಿತ್ತು; ಅಲ್ಲಿ ಪರೀಕ್ಷೆ ಮೊದಲು, ಕಾರ್ಯ ಅನಂತರ.

ದೋಷವಿರುವುದು ಔದಾರ್ಯದಲ್ಲಿ. ಹೆಜ್ಜೆಯ ಬೆಲೆಯನ್ನೂ ಮಿತಿಯ ಬೆಲೆಯನ್ನೂ ವರದಿಯು ಪ್ರತಿ ಸುತ್ತಿನಲ್ಲಿಯೂ ಹೊಸದಾಗಿ ಲೆಕ್ಕಹಾಕಿಸುತ್ತದೆ. ಲೂಪಿನ ಒಡಲೊಳಗೆ ಅವು ಬದಲಾದರೆ ಎಣಿಕೆಯ ದಾರಿಯೂ ಬದಲಾಗುತ್ತದೆ. ಸುತ್ತುಗಳೆಷ್ಟೆಂದು ಮುಂದಾಗಿ ಹೇಳಲಾಗದ ಮೇಲೆ ಅದನ್ನು ಎಣಿಕೆಯೆಂದು ಕರೆಯುವುದಾದರೂ ಹೇಗೆ? ಇದರಿಂದ ಭಾಷೆಯ ಶಕ್ತಿ ಹೆಚ್ಚುವುದೆಂದು ಕೆಲವರು ಸಮರ್ಥಿಸಬಹುದು. ಆದರೆ ಅಂಥ ಸಂದರ್ಭಗಳಿಗೆಂದೇ 'ವೈಲ್' ಎಂಬ ರೂಪವನ್ನು ಅದೇ ವರದಿ ಅದೇ ವಾಕ್ಯದಲ್ಲಿ ಒದಗಿಸಿದೆಯಲ್ಲ!

ಎಣಿಸುವ ಚರವು ದಶಾಂಶ ಸಂಖ್ಯೆಯಾಗಿರಬಹುದೆಂಬ ಅನುಮತಿ ಇನ್ನೂ ಅಪಾಯಕರ. ಸೊನ್ನೆಯಿಂದ ೦.೩ರವರೆಗೆ ೦.೧ರ ಹೆಜ್ಜೆಯಲ್ಲಿ ಎಣಿಸಿದರೆ ನಾಲ್ಕು ಸುತ್ತು ಆಗಬೇಕಷ್ಟೆ. ಇಂದು ಬಳಕೆಯಲ್ಲಿರುವ ೬೪ ಬಿಟ್‌ಗಳ ದ್ವಿಮಾನ ಅಂಕಗಣಿತದಲ್ಲಿ ೦.೧ ನಿಖರವಾಗಿ ಕೂರುವುದಿಲ್ಲ. ಮೂರು ಸಲ ಕೂಡಿಸಿದ ಮೊತ್ತ ಮಿತಿಯನ್ನು ಕೂದಲೆಳೆಯಷ್ಟು ಮೀರಿ, ಮೂರೇ ಸುತ್ತಿಗೆ ಲೂಪು ನಿಲ್ಲುತ್ತದೆ. ನಿಕ್ಲಾಸ್ ವಿರ್ತ್ ಅವರ ಪಾಸ್ಕಲ್ (೧೯೭೦) ಹೆಜ್ಜೆಯನ್ನು ಒಂದಕ್ಕೇ ಕಟ್ಟಿಹಾಕಿ ದಶಾಂಶವನ್ನು ಹೊರಗಿಟ್ಟದ್ದು ಬಡತನವಲ್ಲ, ವಿವೇಕ.

'ವರೆಗೆ' ಎಂಬ ನಮ್ಮ ಮಾತೂ ಸಂದಿಗ್ಧವೇ. 'ಹತ್ತರವರೆಗೆ' ಎಂದಾಗ ಹತ್ತು ಸೇರಿತೋ ಬಿಟ್ಟಿತೋ ಎಂಬುದನ್ನು ತರಗತಿಯಲ್ಲಿ ಬಿಡಿಸಿ ಹೇಳದಿದ್ದರೆ ಒಂದು ಸುತ್ತು ಹೆಚ್ಚೋ ಕಡಿಮೆಯೋ ಆಗುವುದು ಖಂಡಿತ. ಕೆಳಮಿತಿಯನ್ನು ಸೇರಿಸಿ ಮೇಲ್ಮಿತಿಯನ್ನು ಬಿಡಬೇಕೆಂದು ಡೈಕ್‌ಸ್ಟ್ರಾ ೧೯೮೨ರ ಟಿಪ್ಪಣಿಯೊಂದರಲ್ಲಿ ವಾದಿಸಿದರು. ಹಾಗೆ ಮಾಡಿದರೆ ಮಿತಿಗಳ ವ್ಯತ್ಯಾಸವೇ ಸುತ್ತುಗಳ ಸಂಖ್ಯೆ. ಎರಡೂ ಸಮವಾದರೆ ಲೂಪು ಬರಿದು. ಈ ವಾದ ನಮಗೆ ಸಮ್ಮತ.

ವರದಿಯ ಇನ್ನೊಂದು ವಿಧಿಯನ್ನು ಮಾತ್ರ ನಾವು ಪೂರ್ಣವಾಗಿ ಎತ್ತಿಹಿಡಿಯುತ್ತೇವೆ: ಎಣಿಕೆ ತಾನಾಗಿ ಮುಗಿದ ಮೇಲೆ ಚರದ ಬೆಲೆ ಅನಿರ್ದಿಷ್ಟ. ಪಾಸ್ಕಲ್ ಕೂಡ ಇದನ್ನೇ ಉಳಿಸಿಕೊಂಡಿತು. ಲೂಪಿನಿಂದ ಹೊರಬಂದ ಮೇಲೂ ಅದೇ ಚರವನ್ನು ನಂಬಿ ಲೆಕ್ಕ ಮುಂದುವರಿಸುವ ಉತ್ತರಪತ್ರಿಕೆಗಳನ್ನು ತಿದ್ದಿದ ಅಧ್ಯಾಪಕರಿಗೆ ಆ ವಿಧಿಯ ಬೆಲೆ ತಿಳಿದೇ ಇದೆ.