ಶ್ರೀನಾಥ್: ಕೋಚ್ ಆಗದೆ ಉಳಿದ ಗುರು

ಅರಸೀಕೆರೆ ತಾಲ್ಲೂಕಿನ ಜಾವಗಲ್ ಎಂಬ ಊರಿನ ಹೆಸರನ್ನು ಜಗತ್ತಿನ ಸ್ಕೋರ್‌ಬೋರ್ಡುಗಳ ಮೇಲೆ ಬರೆಸಿದವರು ಶ್ರೀನಾಥ್. ಹುಟ್ಟಿದ್ದು ಮೈಸೂರಿನಲ್ಲಾದರೂ ಹಾಸನ, ಹೊಳೆನರಸೀಪುರದ ಕಡೆಯವರಿಗೆ ಅವರು ನಮ್ಮ ಜಿಲ್ಲೆಯವರೇ. 67 ಟೆಸ್ಟ್‌ಗಳಲ್ಲಿ 236 ವಿಕೆಟ್, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ದೊಡ್ಡ ಸಾಧನೆಯೇ. ಆದರೆ ಅವರ ಆಟದ ತೂಕ ಈ ಅಂಕಿಗಳಲ್ಲಿ ಪೂರ್ತಿ ಸಿಗುವುದಿಲ್ಲ.

1991ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿದ ಈ ಬೌಲರ್‌ಗೆ ತವರಿನಲ್ಲಿ ಟೆಸ್ಟ್ ಆಡುವ ಅವಕಾಶ ಸಿಕ್ಕಿದ್ದು 1994ರ ಕೊನೆಗೆ. ದೂಳೇಳುವ ಪಿಚ್, ಮೂವರು ಸ್ಪಿನ್ನರ್‌ಗಳು, ಹೊಸ ಚೆಂಡಿನ ಹೊಳಪು ಕಳೆಯಲೆಂದು ನಾಲ್ಕಾರು ಓವರ್ ವೇಗ. ನಮ್ಮಲ್ಲಿ ವೇಗದ ಬೌಲರ್‌ನ ಪಾಡು ಆಗ ಅಷ್ಟೇ ಆಗಿತ್ತು. ಆ ಲೆಕ್ಕಾಚಾರವನ್ನು ಶ್ರೀನಾಥ್ 1996ರ ನವೆಂಬರ್‌ನಲ್ಲಿ ಅಹಮದಾಬಾದ್‌ನಲ್ಲಿ ತಲೆಕೆಳಗು ಮಾಡಿದರು. ದಕ್ಷಿಣ ಆಫ್ರಿಕಾ ಗೆಲ್ಲಲು ಬೇಕಿದ್ದದ್ದು 170. ಬಲಗೈ ಬ್ಯಾಟ್ಸ್‌ಮನ್‌ಗೆ ಹೊರಗಿನಿಂದ ಸರ್ರನೆ ಒಳನುಗ್ಗುವ ಎಸೆತ ಅವರ ಹುಟ್ಟುಗುಣ. ಆ ಸತ್ತ ಪಿಚ್‌ನಲ್ಲೂ ಅದು ಪ್ಯಾಡಿಗೆ, ಬೇಲ್ಸ್‌ಗೆ ಬಡಿಯಿತು. 21 ರನ್‌ಗೆ 6 ವಿಕೆಟ್. ಎದುರಾಳಿ 105ಕ್ಕೆ ಆಲೌಟ್. ಭಾರತದ ನೆಲದಲ್ಲಿ ಭಾರತದ ವೇಗಿಯೊಬ್ಬ ಮಾಡಿದ ಅತ್ಯುತ್ತಮ ಬೌಲಿಂಗ್ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ 13 ವಿಕೆಟ್ ಕಿತ್ತದ್ದೂ ಇದೆ, ಆದರೆ ಆ ಪಂದ್ಯವನ್ನು ನಾವು ಸೋತೆವು.

ನನಗೆ ಅತಿ ಮುಖ್ಯವಾಗಿ ಕಾಣುವುದು ಬೇರೊಂದು ಅಧ್ಯಾಯ. ಫುಟ್‌ಬಾಲ್‌ನಲ್ಲಿ ಆಡುತ್ತಲೇ ತಂಡವನ್ನು ತಿದ್ದುವ ಪರಂಪರೆಯೊಂದಿತ್ತು. ಐರ್ಲೆಂಡಿನ ಜಾನಿ ಗೈಲ್ಸ್ 1975ರಲ್ಲಿ ವೆಸ್ಟ್ ಬ್ರಾಮ್ ತಂಡಕ್ಕೆ ಆಟಗಾರ ಮತ್ತು ಮ್ಯಾನೇಜರ್ ಎರಡೂ ಆಗಿ ಹೋಗಿ, ಮರುವರ್ಷವೇ ಅದನ್ನು ಮೇಲಿನ ಡಿವಿಷನ್‌ಗೆ ಏರಿಸಿದರು. ಕ್ರಿಕೆಟ್‌ನಲ್ಲಿ ಅಂಥ ಹುದ್ದೆಯಿಲ್ಲ, ಕೆಲಸ ಮಾತ್ರ ಇದೆ. ಟೆಸ್ಟ್ ಸಾಕೆಂದಿದ್ದ ಶ್ರೀನಾಥ್‌ರನ್ನು ನಾಯಕ ಗಂಗೂಲಿ ಮನವೊಲಿಸಿ ತಂಡದಲ್ಲಿ ಉಳಿಸಿಕೊಂಡರು. 2003ರ ವಿಶ್ವಕಪ್‌ನಲ್ಲಿ ಶ್ರೀನಾಥ್ ಆಡುತ್ತಲೇ ತಿದ್ದುವ ಆ ಕೆಲಸ ಮಾಡಿದರು. ಜಹೀರ್ ಖಾನ್, ಆಶಿಶ್ ನೆಹ್ರಾ ಇಬ್ಬರೂ ಎಡಗೈ ವೇಗಿಗಳು, ಇಬ್ಬರೂ ಎಳೆಯರು. ಅವರ ನಡುವೆ 33 ವರ್ಷದ ಹಿರಿಯ. ಜಹೀರ್‌ಗೆ 18, ಶ್ರೀನಾಥ್‌ಗೆ 16, ನೆಹ್ರಾಗೆ 15 ವಿಕೆಟ್ ಬಂದವು. ಆ ವಿಶ್ವಕಪ್‌ನಲ್ಲಿ ಭಾರತಕ್ಕೆ ಈ ಮೂವರು ವೇಗಿಗಳೇ ಆಧಾರವಾದರು. ಜೋಹಾನ್ಸ್‌ಬರ್ಗ್‌ನಲ್ಲಿ ಶ್ರೀಲಂಕಾ 109ಕ್ಕೆ ಉರುಳಿದಾಗ ಶ್ರೀನಾಥ್, ನೆಹ್ರಾ ತಲಾ 4 ವಿಕೆಟ್ ಹಂಚಿಕೊಂಡರು. ಫೈನಲ್‌ನಲ್ಲಿ ಶ್ರೀನಾಥ್‌ರ 10 ಓವರ್‌ಗಳಲ್ಲಿ ಆಸ್ಟ್ರೇಲಿಯಾ 87 ರನ್ ಚಚ್ಚಿದ್ದು ನಿಜ. ಆ ಒಂದು ದಿನಕ್ಕಾಗಿ ಇಡೀ ಟೂರ್ನಿಯ ದುಡಿಮೆಯನ್ನು ಮರೆಯುವುದು ಅನ್ಯಾಯ.

ಅದೇ ವರ್ಷ ನಿವೃತ್ತಿ. 2006ರಿಂದ ಐಸಿಸಿ ಮ್ಯಾಚ್ ರೆಫರಿ. ನಡುವೆ 2010ರಿಂದ ಮೂರು ವರ್ಷ, ಕುಂಬ್ಳೆ ಅಧ್ಯಕ್ಷರಾಗಿದ್ದಾಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿ. ಎರಡೂ ಗೌರವದ ಕೆಲಸಗಳೇ. ಆದರೂ ನನ್ನ ತಕರಾರು ಇಲ್ಲೇ ಇದೆ. ಜೊತೆಗಾರ ವೆಂಕಟೇಶ್ ಪ್ರಸಾದ್ ಭಾರತ ತಂಡದ ಬೌಲಿಂಗ್ ಕೋಚ್ ಆದರು. ಶ್ರೀನಾಥ್ ಆಗಲೇ ಇಲ್ಲ. ಶಿಸ್ತು ನೋಡಲು, ದಂಡ ಹಾಕಲು ಬೇರೆಯವರೂ ಸಿಗುತ್ತಾರೆ. ಭುಜದ ಶಸ್ತ್ರಚಿಕಿತ್ಸೆಯ ನಂತರವೂ ವೇಗ ಉಳಿಸಿಕೊಂಡು, ಸತ್ತ ಪಿಚ್‌ನಲ್ಲಿ ವಿಕೆಟ್ ಕೀಳುವುದನ್ನು ಮೈಯಾರೆ ಕಲಿತವರು ಎಷ್ಟು ಜನ ಇದ್ದಾರೆ?

ರೆಫರಿ ಕುರ್ಚಿಯಿಂದ ಎದ್ದ ದಿನ ರಾಜ್ಯ ಸಂಸ್ಥೆ ಅವರನ್ನು ಸನ್ಮಾನಕ್ಕೆ ಕರೆಯುವುದು ಬೇಡ, ನೆಟ್ಸ್‌ಗೆ ಕರೆಯಲಿ. ಹಾಸನ ಜಿಲ್ಲೆಯ ಹುಡುಗರಿಂದಲೇ ಶುರುವಾಗಲಿ.