ಸ್ಟೀರಿಯೊ ಬಿಚ್ಚಿದರೆ ಬಿಸಿಗಾಳಿಗೂ ಕುತ್ತು

ಹಳೇ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೊಗೆ ಒಂದು ಕಿಂಡಿ ಇರುತ್ತಿತ್ತು. ಅಗಲ 180 ಮಿ.ಮೀ., ಎತ್ತರ 50. ಡಬಲ್ ಡಿನ್ ಆದರೆ 100. ಜರ್ಮನಿಯವರ ಈ ಅಳತೆಯಿಂದಾಗಿ ಕಂಪನಿ ಸ್ಟೀರಿಯೊ ಬಿಚ್ಚಿಸಿ ಬೇಕಾದ್ದನ್ನ ಕೂರಿಸೋಕೆ ಕೋಲಾರದ ಸಣ್ಣ ಅಂಗಡಿಯೇ ಸಾಕಿತ್ತು. ಎಸಿ, ಬಿಸಿಗಾಳಿಯ ನಾಬ್‌ಗಳು ಅವುಗಳ ಪಾಡಿಗೆ ಕೆಳಗಿರುತ್ತಿದ್ದವು.

ಈಚಿನ ಕೆಲವು ಕಾರುಗಳಲ್ಲಿ ಎಲ್ಲವನ್ನೂ ಒಂದೇ ಟಚ್‌ಸ್ಕ್ರೀನಿಗೆ ತುರುಕಿದ್ದಾರೆ. ಹಾಡು ಬದಲಿಸೋಕೆ ಹೋದರೆ ಗಾಳಿಯೂ ಕೈತಪ್ಪುತ್ತೆ. ಸಂಬಂಧವಿಲ್ಲದ ಎರಡು ಕೆಲಸಗಳನ್ನ ಹೀಗೆ ಗಂಟುಹಾಕಿದ ಕೋಡ್ ಬಂದರೆ ನಮ್ಮ ಟೀಮಲ್ಲಿ ರಿವ್ಯೂನಲ್ಲೇ ವಾಪಸ್ ಕಳಿಸ್ತೀವಿ.

ನಮ್ಮ ಬಯಲುಸೀಮೆಗೆ ಬಿಸಿಗಾಳಿ ಯಾಕೆ ಅಂತೀರಾ? ಡಿಸೆಂಬರಿನಲ್ಲಿ ಬೆಳಗ್ಗೆ ಆರಕ್ಕೆ ನಾಲ್ಕು ಜನ ಕೂತು ಶ್ರೀನಿವಾಸಪುರದಿಂದ ಹೊರಟು ನೋಡಿ. ನಮ್ಮ ಉಸಿರಿಗೇ ಗಾಜಿನ ಒಳಮೈ ಮಬ್ಬಾಗುತ್ತೆ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಎಂಜಿನ್ ತಣಿಸಿ ಬಿಸಿಯಾದ ಕೂಲಂಟ್, ಡ್ಯಾಶ್‌ಬೋರ್ಡಿನ ಹಿಂದಿನ ಪುಟ್ಟ ರೇಡಿಯೇಟರಿನಲ್ಲಿ ಹರಿದು ಗಾಳಿಯನ್ನ ಕಾಯಿಸುತ್ತೆ. ಹೇಗೂ ಪೋಲಾಗುವ ಶಾಖ. ಜೊತೆಗೆ ಎಸಿ ಹಾಕಿದರೆ ಗಾಳಿಯ ತೇವ ಇಳಿಯುತ್ತೆ (ಚಳಿಯಲ್ಲಿ ಎಸಿಯೇ ಅಂತ ನಮ್ಮಪ್ಪ ಇನ್ನೂ ನಗ್ತಾರೆ). ಬಾಗಿದ ಗಾಜಿನ ಮೇಲೆ ಮೂರು ಬಾಣ ಇರೋ ಚಿತ್ರದತ್ತ ನಾಬ್ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬಿಟ್ಟರೆ ಆಯ್ತು. ಕಣ್ಣು ರಸ್ತೆ ಮೇಲೇ ಇರುತ್ತಿತ್ತು.

ಈಗ ಮುಳಬಾಗಿಲು ಹೈವೇಯಲ್ಲಿ ಮುಂದೆ ಟೊಮೆಟೊ ಲಾರಿ, ಗಾಜು ಮಬ್ಬು, ನಾವು ಮೆನುವಿನೊಳಗೆ. ಶೋರೂಮಿಗೆ ಹೋದಾಗ ಸ್ಕ್ರೀನ್ ಆಫ್ ಮಾಡಿಸಿ, ‘ಈಗ ಗಾಜಿನ ಮಬ್ಬು ತೆಗೀರಿ’ ಅನ್ನಿ. ಸೇಲ್ಸ್ ಹುಡುಗನ ಮುಖ ನೋಡಿ.